ಮದರ್‌ಬೋರ್ಡಿನ ಮೇಲೆ ಮೊಸರಿನ ಗಡಿಗೆ

ಕೇಳಿದವರಿಗೆ ಉತ್ತರ ಕೊಡದೆ ಸುಮ್ಮನಿದ್ದರೆ ತನ್ನ ಹೆಸರು ಶಿವಗಂಗವ್ವನೇ ಅಲ್ಲ! ಮುದಲಗಿಯ ಶಿವಗಂಗವ್ವ ಈ ಘೋರ ಪ್ರತಿಜ್ಞೆ ಮಾಡಿದ್ದು ಯಾವ ಮಠದ ಮುಂದೆಯೂ ಅಲ್ಲ, ತನ್ನ ಮೊಬೈಲಿನ ಮುಂದೆ.

ಕಾಲೇಜು ಓದುವ ಮೊಮ್ಮಗಳು ಶಿವಾನಿ ಕಂಪ್ಯೂಟರಿನಲ್ಲಿ ಆಟ ಆಡುವವಳು. ಗೋಕಾಕದ ಮೂವರು ಗೆಳತಿಯರೊಂದಿಗೆ ತಂಡ ಕಟ್ಟಿಕೊಂಡು, ಎಲ್ಲೆಲ್ಲಿಯದೋ ತಂಡಗಳನ್ನು ಮಣ್ಣು ಮುಕ್ಕಿಸುತ್ತ ಪಂದ್ಯಾವಳಿಯ ಫೈನಲ್ ಮುಟ್ಟಿದ್ದಳು. ಅಷ್ಟರಲ್ಲಿ ಹಳೆಯ ಮದರ್‌ಬೋರ್ಡ್, ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಉಳಿದೆಲ್ಲ ಭಾಗಗಳನ್ನು ಜೋಡಿಸಿ ಹಿಡಿಯುವ ಹಲಗೆ, ಕೈಕೊಟ್ಟಿತು. ಭಾನುವಾರ ನಾಲ್ಕಕ್ಕೆ ಫೈನಲ್. ಶಿವಾನಿ ಅಜ್ಜಿಯ ಫೋನಿನಿಂದಲೇ ಹೊಸ ಬೋರ್ಡು ತರಿಸಿ ಕೂರಿಸಿದಳು. ಹೀಗಾಗಿ ಕಂಪನಿಯವರ ಪಾಲಿಗೆ ಬೋರ್ಡಿನ ಮಾಲಕಿ ಶಿವಗಂಗವ್ವ!

ಎರಡೇ ದಿನಕ್ಕೆ ಫೋನು ಟಿಣ್ ಎಂದಿತು. ಗಂಡ ಯಲ್ಲಪ್ಪ ಕನ್ನಡಕ ಏರಿಸಿ ಓದಿದ: "ನೀವು ಕೊಂಡ ಬೋರ್ಡಿನ ಬಗ್ಗೆ ಒಬ್ಬರು ಕೇಳಿದ್ದಾರೆ. ಇದು ಬಹಳ ಬಿಸಿಯಾಗುತ್ತದೆಯೇ? ನಿಮ್ಮ ಅಭಿಪ್ರಾಯ ತಿಳಿಸಿ."

"ಪಾಪ, ಯಾವ ಊರಾವನೋ! ನನ್ನ ಹುಡುಕ್ಕೊಂಡ ಬಂದು ಕೇಳ್ಯಾನ."

"ಕೊಂಡವ್ರಿಗೆಲ್ಲಾ ಕಳಿಸಿರತಾರ ಅದನ್ನ. ಸುಮ್ನ ಬಿಡು."

"ಬಿಡಾಕ ಬರತೈತೇನ್ರಿ? ನಮ್ಮ ಎಮ್ಮಿ ಎಷ್ಟ ಹಿಂಡತೈತಿ ಅಂತ ಯಾರರ ಕೇಳಿದ್ರ ಬಾಯಿ ಮುಚ್ಕೊಂಡ ಕುಂಡ್ರತೀರೇನು?"

"ಎಮ್ಮಿ ಮಾತ ಬ್ಯಾರೆ. ಬೋರ್ಡಿಂದು ನಿನಗೇನ ಗೊತ್ತೈತಿ?"

"ಗೊತ್ತ ಮಾಡ್ಕೊಂತೀನಿ!"

ಆಟದ ಹೊಸ ಭಾಗವೇನೋ ಇಂಟರ್ನೆಟ್ಟಿನಿಂದ ಇಳಿಯಲೆಂದು ಶಿವಾನಿ ಕಂಪ್ಯೂಟರನ್ನು ಚಾಲೂ ಇಟ್ಟು ಕಾಲೇಜಿಗೆ ಹೋಗಿದ್ದಳು. ಶಿವಗಂಗವ್ವ ಅದರ ಡಬ್ಬದ ನೆತ್ತಿಯ ಮೇಲೆ ಕೈಯಿಟ್ಟಳು. ಹಿತವಾದ ಬಿಸಿಗಾಳಿ! ಒಂದು ವಾರದಿಂದ ಚಳಿಗೆ ಹಾಲು ಹೆಪ್ಪಾಗದೆ ಆಕೆಯ ಜೀವ ಹಿಂಡಿತ್ತು. ತಡಮಾಡದೆ ಹೆಪ್ಪು ಹಾಕಿದ ಹಾಲಿನ ಗಡಿಗೆ ತಂದು ಮೇಲಿಟ್ಟಳು. ಸಂಜೆಗೆ ಚಾಕುವಿನಲ್ಲಿ ಕೊಯ್ಯುವಂಥ ಮೊಸರು!

ಆಕೆ ಹೇಳಿದಳು, ಫೋನು ಬರೆದುಕೊಂಡಿತು: "ಭಾಳ ಬಿಸಿ ಇಲ್ರಿ. ಬಾಣಂತಿ ಖೋಲಿಯಷ್ಟ ಬೆಚ್ಚಗೈತಿ. ಮೊಸರು ಗಟ್ಟ್ಯಾಗಿ ಹೆಪ್ಪಾಗತೈತಿ. ಐದಕ್ಕ ಐದು ಚುಕ್ಕಿ."

ಮರುದಿನದ ಹೊತ್ತಿಗೆ ಮುನ್ನೂರು ಮಂದಿ 'ಉಪಯೋಗವಾಯಿತು' ಎಂದು ಒತ್ತಿದ್ದರು. ಅವರಲ್ಲಿ ಬೋರ್ಡು ಕೊಳ್ಳುವವರೆಷ್ಟೋ, ಮೊಸರು ಉಣ್ಣುವವರೆಷ್ಟೋ! ಶಿವಗಂಗವ್ವ ನೆಲದಿಂದ ಗೇಣುದ್ದ ಮೇಲೆ ನಡೆಯುತ್ತಿದ್ದಳು. ಆದರೆ ಹುಕ್ಕೇರಿಯ ಸ್ವಪ್ನಿಲ್ ಎಂಬೊಬ್ಬ ಒಂದೇ ಒಂದು ಪದ ಬರೆದಿದ್ದ: "ಸುಳ್ಳು."

"ಸುಳ್ಳಂತ! ನನ್ನ ಮೊಸರಿಗೆ ಸುಳ್ಳಂತ!" ಎಂದು ಕೆರಳಿದ ಆಕೆ ಫೋನಿನೊಳಗೇ ಗುಡುಗಿದಳು: "ಖರೆನೋ ಸುಳ್ಳೋ, ಐತವಾರ ಮನಿಗೇ ಬಂದು ಕಣ್ಣಾರೆ ನೋಡ್ರಿ. ಮುದಲಗಿಯೊಳಗ ಎಮ್ಮಿ ಯಲ್ಲಪ್ಪನ ಮನಿ ಅಂದ್ರ ಯಾರರ ತೋರಸ್ತಾರ. ಊಟಾ ಮಾಡ್ಕೊಂಡ ಹೋಗ್ರಿ!"

ಬಂದರು! ಭಾನುವಾರ ನಾಲ್ಕೂವರೆಗೆ ಹತ್ತರಗಿಯ ಅಶೋಕ, ಧುಪದಾಳದ ಲಕ್ಕಪ್ಪ, ಹುಕ್ಕೇರಿಯ ಸ್ವಪ್ನಿಲ್, ಇವರ ಜೊತೆಗಾರರು, ಒಟ್ಟು ಒಂಬತ್ತು ಮಂದಿ. ಎಲ್ಲರ ಮನೆಯಲ್ಲೂ ಅದೇ ಬೋರ್ಡು.

"ಏ, ಇವ್ರ್ಯಾರ?" ಎಂದ ಯಲ್ಲಪ್ಪ.

"ಬೋರ್ಡ್ ನೋಡಾಕ ಬಂದಾರ."

"ಬದನಿಕಾಯಿ ಎಣಗಾಯಿ ವಾಸನಿ ಹಿಡ್ಕೊಂಡ ಬಂದಂಗ ಕಾಣತಾರ!"

ಒಳಗಿನ ಖೋಲಿಯಲ್ಲಿ ಶಿವಾನಿ ಕಿವಿಗೆ ಹೆಡ್‌ಫೋನ್ ಬಿಗಿದು ಫೈನಲ್ ಆಡುತ್ತಿದ್ದಳು. "ಆಟ ಮುಗಿಯೂಮಟಾ ಯಾರೂ ಒಳಗ ಬರಬ್ಯಾಡ್ರಿ" ಎಂದು ಮೊದಲೇ ಕಟ್ಟಪ್ಪಣೆಯಾಗಿತ್ತು. ಶಿವಗಂಗವ್ವ ಬೆಳಿಗ್ಗೆ ಹೆಪ್ಪಾದ ಮೊಸರಿನ ಗಡಿಗೆಯನ್ನೇ ಪಡಸಾಲೆಗೆ ತಂದು ತೋರಿಸಿದಳು. ಸ್ವಪ್ನಿಲ್ ಮೂಗು ಮುರಿದ.

"ಇದು ಒಲಿ ಬಾಜೂಕ ಇಟ್ಟದ್ದೂ ಇರಬಹುದಲ್ರಿ ಆಯಿ? ಬೋರ್ಡಿನ ಮ್ಯಾಲೆ ಹೆಂಗ ಕುಂಡ್ರತೈತಿ, ಅದನ್ನ ತೋರಸ್ರಿ."

ಇಷ್ಟಾದ ಮೇಲೆ ಯಾರು ತಡೆದಾರು? "ಸಪ್ಪಳ ಮಾಡಬ್ಯಾಡ್ರಿ, ಬರ್ರಿ" ಎಂದವಳೇ ತುದಿಗಾಲಲ್ಲಿ ಖೋಲಿಗೆ ನಡೆದಳು. ಹಿಂದೆ ಒಂಬತ್ತು ಮಂದಿಯ ಮೆರವಣಿಗೆ! ಶಿವಾನಿಗೆ ಇದಾವುದರ ಪರಿವೆಯೂ ಇಲ್ಲ. ಎರಡೂ ತಂಡಗಳು ಸಮಸಮ. ಇನ್ನು ಒಂದು ಹೊಡೆತದಲ್ಲಿ ಗೆಲುವು. ಶಿವಗಂಗವ್ವ ಕಳಸ ಇಟ್ಟಷ್ಟು ಭಕ್ತಿಯಿಂದ ಗಡಿಗೆಯನ್ನು ಡಬ್ಬದ ಮೇಲಿಟ್ಟಳು.

ಪರದೆ ಕಪ್ಪಾಯಿತು!

"ಆಯೀ!" ಎಂದು ಅಜ್ಜಿಯನ್ನು ಕೂಗಿದ ಶಿವಾನಿಯ ದನಿಗೆ ಹಿತ್ತಲಿನ ಎಮ್ಮೆಯೂ ಕಿವಿ ನಿಮಿರಿಸಿತು.

"ಈ ಬೋರ್ಡೇ ಖೊಟ್ಟಿ ಮಾಲು. ನಂದೂ ಹಿಂಗ ಮಾಡತೈತಿ" ಎಂದ ಅಶೋಕ.

"ಬೋರ್ಡ್ ಅಲ್ಲೋ, ಕರೆಂಟ ಹೋಗೈತಿ" ಎಂದ ಲಕ್ಕಪ್ಪ, ಉರಿಯುತ್ತಿದ್ದ ಬಲ್ಬಿನ ಕೆಳಗೆ ನಿಂತು.

"ಎರಡ ಬಡೀರಿ, ಚಾಲೂ ಆಗತೈತಿ" ಎಂದ ಸ್ವಪ್ನಿಲ್.

ಶಿವಾನಿ ಹೆಡ್‌ಫೋನ್ ಕಿತ್ತಿಟ್ಟಳು. ಎದ್ದು ಗಡಿಗೆಯನ್ನು ಎತ್ತಿದಳು. ಅದರ ತಳದಡಿ, ಡಬ್ಬದ ಮೇಲ್ಭಾಗದಲ್ಲಿತ್ತು, ಕಂಪ್ಯೂಟರನ್ನು ಚಾಲೂ-ಬಂದ್ ಮಾಡುವ ಗುಂಡಿ! ಹಿಂದಿನ ದಿನಗಳಲ್ಲೆಲ್ಲ ಅದರ ಬಾಜೂ ಕೂತಿದ್ದ ಗಡಿಗೆ, ಇಂದು ಸರಿಯಾಗಿ ಅದರ ನೆತ್ತಿಯನ್ನೇ ಒತ್ತಿತ್ತು. ಮತ್ತೆ ಚಾಲೂ ಆಗುವಷ್ಟರಲ್ಲಿ ಫೈನಲ್ ಮುಗಿದು, ಪರದೆಯ ಮೇಲೆ ಎದುರಾಳಿಗಳ ಹೆಸರು ಕುಣಿಯುತ್ತಿತ್ತು.

"ತಪ್ಪಾತು ನನ್ನವ್ವಾ. ಎಷ್ಟ ಬೇಕಾದ್ರೂ ಬೈಯಿ." ಶಿವಗಂಗವ್ವ ಮೊಮ್ಮಗಳ ಗಲ್ಲ ಹಿಡಿದಳು.

"ಫೋನ್ ಕೊಡು ಆಯಿ" ಎಂದಷ್ಟೇ ಅಂದ ಶಿವಾನಿ, ಏನನ್ನೋ ಟಪಟಪ ಒತ್ತಿ ಅಜ್ಜನ ಕೈಗಿತ್ತಳು.

ಬಂದವರನ್ನು ಉಪವಾಸ ಕಳಿಸಲಾದೀತೇ? ಪಡಸಾಲೆಯಲ್ಲಿ ರೊಟ್ಟಿ, ಎಣಗಾಯಿ, ಅದೇ ಗಡಿಗೆಯ ಮೊಸರು. ತಟ್ಟೆಯ ಮುಂದೆ ಕೂತ ಯಲ್ಲಪ್ಪ ಎಲ್ಲರಿಗೂ ಕೇಳುವಂತೆ ಓದಿದ: "ಬೋರ್ಡಿನಾಗ ಏನೂ ದೋಷ ಇಲ್ಲ. ಮನಿಯಾಗ ಅಜ್ಜಿ ಇದ್ದವ್ರು ನೆತ್ತಿ ಮ್ಯಾಲೆ ಗುಂಡಿ ಇರೋ ಡಬ್ಬಾ ಕೊಳ್ಳಬ್ಯಾಡ್ರಿ. ಬೋರ್ಡಿಗೆ ಐದು ಚುಕ್ಕಿ, ಮೊಸರಿಗೆ ಐದು, ಅಜ್ಜಿಗೆ ಒಂದ."

ಶಿವಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಂಬತ್ತು ತಲೆಗಳು ಒಂಬತ್ತು ಫೋನುಗಳ ಮೇಲೆ ಬಾಗಿದ್ದವು.

"ಏನಂತಾರ್ರಿ ಮಂದಿ?" ಸೆರಗಿನೊಳಗಿಂದಲೇ ಕೇಳಿದಳು.

"ಹತ್ತು ಮಂದಿಗೆ ಉಪಯೋಗ ಆತಂತ."

ಶಿವಗಂಗವ್ವ ಸೆರಗು ಸರಿಸಿ ಅತಿಥಿಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಬಂದಾವ್ರು ಒಂಬತ್ತ ಮಂದಿ ಅದಾರಲ್ರಿ?"

ಯಲ್ಲಪ್ಪ ಹೆಂಡತಿಯ ಫೋನನ್ನು ಕೆಳಗಿಟ್ಟು, ತನ್ನದನ್ನು ಮೆಲ್ಲಗೆ ಅಂಗಿಯ ಕಿಸೆಗಿಳಿಸಿ, ತಟ್ಟೆ ಮುಂದೆ ಹಿಡಿದ. "ಇನ್ನೊಂದೀಟ ಮೊಸರ ಹಾಕು."