ಕೆರೆ ಬಿಡಲು ಹೊರಟವನ ಭಾಷಣ

ಬೆಳಿಗ್ಗೆ ಹೆಂಡತಿಯ ದಿಂಬಿನ ಮೇಲೆ ಒಂದು ಬಸವನಹುಳು ಕೊಂಬು ಚಾಚಿಕೊಂಡು ಹೊರಟಿತ್ತು. ಕೆರೆ ನೀರು ಪರೀಕ್ಷಿಸುವ ನೀರಪ್ಪನ ಅಂಗಿಯ ಜೇಬಿನಿಂದಲೇ ಅದು ಇಳಿದದ್ದು ಎಂಬುದಕ್ಕೆ ಸಾಕ್ಷಿ ಬೇಕಿರಲಿಲ್ಲ. ನೀರಪ್ಪ ಎಂಬುದು ಆಫೀಸಿನವರು ಇಟ್ಟ ಅಡ್ಡಹೆಸರು. ಈಗ ಮನೆಯಲ್ಲೂ ಅದೇ.

“ಹೋದ ವಾರ ಕಪ್ಪೆ, ಇವತ್ತು ಇದು. ನಾಳೆ ಮೊಸಳೆ ಕರ್ಕೊಂಡು ಬರ್ತೀರೇನೋ!” ಹೆಂಡತಿ ಕೆಂಡವಾದಳು. “ಸಾಯಂಕಾಲದೊಳಗೆ ಒಣಗಿರೋ ಕೆಲಸ ಯಾವುದಾದ್ರೂ ನೋಡ್ಕೊಂಡು ಬನ್ನಿ. ಇಲ್ಲಾಂದ್ರೆ ನಾನು ತಮ್ಮನ ಮನೆಗೆ ಹೊರಟೆ.”

ಪುಣ್ಯಕ್ಕೆ ಅವತ್ತೇ ಕಾಲೇಜಿನಲ್ಲೊಂದು ಸಮಾವೇಶವಿತ್ತು. ನೀರು, ವನ್ಯಜೀವಿ ಎಂದು ದುಡಿಯುವವರು ತಮ್ಮ ವೃತ್ತಿಯ ಬಗ್ಗೆ ಮಾತಾಡಬೇಕು, ನಡುನಡುವೆ ಚಹಾ ಕುಡಿಯುತ್ತ ಪರಿಚಯ ಬೆಳೆಸಿಕೊಳ್ಳಬೇಕು. ನೀರಪ್ಪನದೂ ಭಾಷಣವಿತ್ತು. ಆದರೆ ಅವನ ಕಣ್ಣೆಲ್ಲ ಸಭೆಗೆ ಬಂದಿದ್ದ ಬಾಟಲಿ ನೀರಿನ ಕಾರ್ಖಾನೆಯ ಮ್ಯಾನೇಜರ್ ಮೇಲೆ. ಅಲ್ಲಿಯೂ ನೀರು ಪರೀಕ್ಷಿಸುವವರು ಬೇಕು. ಅಲ್ಲಿಯ ನೀರಿನಲ್ಲಿ ಕೆಸರಿಲ್ಲ, ಕಪ್ಪೆಯಿಲ್ಲ, ಮೇಲೆ ಎ.ಸಿ. ಬೇರೆ.

ಚಹಾದ ಮೇಜಿನ ಬಳಿ ಮ್ಯಾನೇಜರ್ ಸಿಕ್ಕೇಬಿಟ್ಟರು. “ಸಾರ್, ತಮ್ಮಲ್ಲೊಂದು ವಿಷಯ...” ಎಂದು ನೀರಪ್ಪ ಹಲ್ಲು ಕಿರಿಯುವಷ್ಟರಲ್ಲಿ ಹಿಂದಿನಿಂದ ಬೆನ್ನಿಗೆ ಧಪ್ಪೆಂದು ಏಟು ಬಿತ್ತು. ಅದು ಅವನ ಆಫೀಸಿನಲ್ಲೇ ನೀರುನಾಯಿ ಎಣಿಸುವ ಅಕ್ಕ. ಆಕೆ ಮುಟ್ಟಿ ಮಾತಾಡಿಸಿದರೆ ಬಂಡೆಯೂ ಅಲ್ಲಾಡಬೇಕು. ನೀರಪ್ಪನ ಕೈಯ ಚಹಾ ಮ್ಯಾನೇಜರರ ಬಿಳಿ ಅಂಗಿಯ ಮೇಲೆ ಭೂಪಟ ಬರೆಯಿತು. ಅವರು ನಲ್ಲಿ ಹುಡುಕಿಕೊಂಡು ಓಡಿದರು.

“ಅಕ್ಕಾ, ಏನು ಮಾಡಿಬಿಟ್ರಿ!”

“ಅದು ಬಿಡು, ನಮ್ಮ ಸಾಹೇಬ್ರು ಮುಂದಿನ ಸಾಲಲ್ಲೇ ಕೂತಿದ್ದಾರೆ. ಕೆಲಸದ ಬಗ್ಗೆ ಒಂದು ಕೆಟ್ಟ ಮಾತು ಬಂತೋ, ನಿನ್ನ ಕಥೆ ಮುಗೀತು!”

ಇರುವ ಕೆಲಸವನ್ನೂ ಕಳೆದುಕೊಂಡು ಮನೆಗೆ ಹೋಗುವುದುಂಟೇ? ನೀರಪ್ಪ ವೇದಿಕೆ ಹತ್ತಿ, ಕಣ್ಣು ಮುಚ್ಚಿ ಹೊಗಳತೊಡಗಿದ.

“ಬೆಳಕು ಹರಿಯೋ ಮುಂಚೆ ದೋಣಿ ನೂಕ್ಕೊಂಡು ಕೆರೆ ಮಧ್ಯಕ್ಕೆ ಹೋದ್ರೆ ನೀರು ಯಾವುದು, ಆಕಾಶ ಯಾವುದು ಗೊತ್ತಾಗಲ್ಲ. ಒಂದು ಮೀನು ಹಾರಿದಾಗ್ಲೇ, ಓ, ನೀರು ಇಲ್ಲಿದೆ ಅನ್ಸೋದು. ಕೆಸರು ವಾಸನೆ ಅಂತಾರೆ. ಅದು ವಾಸನೆ ಅಲ್ಲ ಸ್ವಾಮಿ, ಕೆರೆಯ ಉಸಿರು!”

ಇಷ್ಟು ವರ್ಷ ಆ ಕೆಲಸಕ್ಕೆ ಗೊಣಗಿದ್ದವನು ತನ್ನ ಮಾತನ್ನು ತಾನೇ ನಂಬಿಬಿಟ್ಟ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನೀರಪ್ಪ ಕೆಳಗಿಳಿದ ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

“ಎಂಥಾ ಮಾತಾಡಿದ್ರಿ! ಅರ್ಧ ಆಯಸ್ಸು ಬಾಟಲಿ ಮುಚ್ಚಳ ನೋಡೋದ್ರಲ್ಲೇ ಕಳೆದೆ. ನಮ್ಮ ಮಾಲೀಕರು ಇಲ್ಲೇ ಇದ್ರು, ರಾಜೀನಾಮೆ ಕೊಟ್ಟುಬಿಟ್ಟೆ.”

ನೀರಪ್ಪ ಒಂದು ಹೆಜ್ಜೆ ಮುಂದಿಟ್ಟ. “ಹಾಗಾದ್ರೆ ಸಾರ್, ಆ ಜಾಗ...”

“ಅದಾಗ್ಲೇ ತುಂಬಿತಪ್ಪ,” ಎಂದು ಹಿಂದಿನಿಂದ ಸಾಹೇಬರ ದನಿ ಬಂತು. ಅವರ ಮುಖ ಬಿಡುಗಡೆಯಾದ ಕೈದಿಯಂತೆ ಅರಳಿತ್ತು. “ನಾನೇ ಹೋಗ್ತಿದ್ದೀನಿ. ಎ.ಸಿ. ರೂಮು! ನನ್ನ ಕುರ್ಚಿಗೆ ಈ ಮ್ಯಾನೇಜರ್ರು ಬರ್ತಾರೆ. ನಮ್ಮ ಸಂಸ್ಥೆಯ ಅಧ್ಯಕ್ಷರೂ ಇಲ್ಲೇ ಇದ್ರು, ಒಪ್ಪಿದ್ರು.”

ಹೊಸ ಸಾಹೇಬರು ನೀರಪ್ಪನ ಹೆಗಲ ಮೇಲೆ ಕೈ ಹಾಕಿದರು. “ನೀವೇ ನನ್ನ ಗುರು. ದಿನಾ ಬೆಳಕು ಹರಿಯೋ ಮುಂಚೆ ನಾವಿಬ್ರೂ ದೋಣಿಯಲ್ಲಿರ್ಬೇಕು. ಭಾನುವಾರಾನೂ. ನನಗೆ ಈಜು ಬರಲ್ಲ, ನೀವು ಪಕ್ಕ ಬಿಟ್ಟು ಕದಲಬಾರ್ದು.”

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

“ಏನ್ರೀ, ಕೆಲಸ ಸಿಕ್ತಾ?”

“ಸಿಕ್ತು ಕಣೇ,” ಎಂದ ನೀರಪ್ಪ. “ಬೇರೆ ಇಬ್ಬರಿಗೆ.”