ಪ್ಲಸ್ಸು, ಮೈನಸ್ಸು ಮತ್ತು ಮಹಾಲಿಂಗಯ್ಯನವರ ಎರಡು ಮಾತು

ನನ್ನ ಹೆಂಡತಿ ಶಿವರುದ್ರಮ್ಮ ಚೆನ್ನಾಗಿ ಹಾಡುತ್ತಾಳೆ. ಹಾಗೆಂದು ನಾನು ಹೇಳಬೇಕೇ ಹೊರತು ಕೇಳಿದವರು ಯಾರೂ ಇಲ್ಲ. ಅವಳ ತವರೂರು ಕೊರಟಗೆರೆಯ ಮಹಿಳಾ ಸಮಾಜದ ವಾರ್ಷಿಕೋತ್ಸವದಲ್ಲಿ ಹಾಡು ಯಾವಾಗಲೂ ಭಾಷಣದ ನಂತರ. ಭಾಷಣ ಯಾವಾಗಲೂ ಮಹಾಲಿಂಗಯ್ಯನವರದು. ಅವರು ನಿವೃತ್ತರು. (ಯಾವುದರಿಂದ ನಿವೃತ್ತರೋ ಯಾರಿಗೂ ಗೊತ್ತಿಲ್ಲ. ಮಾತಿನಿಂದಂತೂ ಅಲ್ಲ.) "ಎರಡೇ ಮಾತು" ಎಂದು ಶುರು ಮಾಡಿದರೆ ಕೊನೆಯ ಬಸ್ಸಿನ ಹೊತ್ತಿಗೆ ಮೊದಲನೇ ಮಾತು ಮುಗಿದಿರುತ್ತದೆ. ಹೋದ ವರ್ಷವೂ ಇವಳು ರೇಷ್ಮೆ ಸೀರೆ ಉಟ್ಟು, ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಕೂತು, ಹಾಡದೆ ಎದ್ದು ಬಂದಳು. ನಮ್ಮೂರು ಮಧುಗಿರಿ ತಲುಪುವವರೆಗೂ ಬಸ್ಸಿನ ಕಿಟಕಿ ಕಡೆ ತಿರುಗಿ ಅಳುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಕಣ್ಣೆದುರು ಸಮಸ್ಯೆ ಇದ್ದರೆ ಕೈಕಟ್ಟಿ ಕೂರುವವನಲ್ಲ. ಈ ಸಲ ಅವಳ ಕಂಠಸಿರಿಗೆ ತಕ್ಕ ಆಂಪ್ಲಿಫೈಯರನ್ನು ಸ್ವಹಸ್ತದಿಂದ ನಿರ್ಮಿಸುವುದಾಗಿ ಘೋಷಿಸಿದೆ.

"ನಂಗೆ ಮೈಕ್ ಬ್ಯಾಡ ಕಣ್ರೀ," ಎಂದಳು. "ಆವಯ್ಯನ ಬಾಯಿ ಮುಚ್ಚಿಸೋ ಮಿಷಿನ್ ಏನಾರ ಇದ್ರೆ ಮಾಡಿ."

ವಿಜ್ಞಾನ ಇನ್ನೂ ಅಷ್ಟು ಮುಂದುವರಿದಿಲ್ಲವೆಂದು ತಿಳಿಸಿ ಕೆಲಸಕ್ಕೆ ಕೂತೆ.

ಒಳ್ಳೆಯ ಆಂಪ್ಲಿಫೈಯರಿಗೆ ಎರಡು ರೈಲು ಬೇಕು. (ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿಗೆ ಒಂದೂ ಬಂದಿಲ್ಲ, ಅದು ಬೇರೆ ಮಾತು.) ಇಲ್ಲಿ ರೈಲೆಂದರೆ ಕರೆಂಟಿನ ತಂತಿ: ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್, ನಡುವೆ ಸೊನ್ನೆ. ಎರಡೂ ಸಮನಾಗಿದ್ದರೆ ಸ್ಪೀಕರ್ ತನ್ನ ಪಾಡಿಗೆ ಸುಮ್ಮನಿರುತ್ತದೆ. ಒಂದು ಕುಸಿದು ಇನ್ನೊಂದು ಮೇಲಾಯಿತೋ, ಹೆಚ್ಚಿನದೆಲ್ಲ ಸ್ಪೀಕರಿಗೆ ನುಗ್ಗಿ ಅದನ್ನು ಸುಟ್ಟು ಬೂದಿ ಮಾಡುತ್ತದೆ. ಅದಕ್ಕೇ ಶಿರಾದಲ್ಲಿ ಎರಡು ಟ್ರಾನ್ಸ್‌ಫಾರ್ಮರ್ ಸುತ್ತಿಸಿ ತಂದೆ, ಪ್ಲಸ್ಸಿಗೊಂದು, ಮೈನಸ್ಸಿಗೊಂದು. ಅವನ್ನು ಸಮ ಮಾಡುವ ತಪಸ್ಸಿನಲ್ಲಿ ಹಾಲು ಉಕ್ಕಿದ್ದು, ಬೇಳೆ ಸೀದದ್ದು ಯಾವುದೂ ನನಗೆ ತಿಳಿಯಲಿಲ್ಲ. ಸಮತೆಯೇ ಸೃಷ್ಟಿಯ ಮೂಲ ಎಂದು ನಾನು ಉಪದೇಶಿಸುತ್ತಿದ್ದರೆ, ಹಾಗಾದರೆ ಪಾತ್ರೆಯನ್ನೂ ಸಮವಾಗಿ ಹಂಚಿಕೊಂಡು ಬೆಳಗೋಣ ಬನ್ನಿ ಎಂದು ಅವಳು ಬಚ್ಚಲಿನಿಂದ ಕೂಗುತ್ತಿದ್ದಳು. ಗೃಹಿಣಿಯರಿಗೆ ತತ್ವ ಅರ್ಥವಾಗುವುದು ಕಷ್ಟ.

ವಾರ್ಷಿಕೋತ್ಸವದ ದಿನ ಕೊರಟಗೆರೆಯ ಛತ್ರದಲ್ಲಿ ನನ್ನ ನ್ಯಾಯಬುದ್ಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಮೂರು ಫೇಸಿನ ಲೈನಿತ್ತು, ಅಂದರೆ ಕರೆಂಟು ಮೂರು ಬೇರೆ ಬೇರೆ ತಂತಿಗಳಲ್ಲಿ ಬರುತ್ತಿತ್ತು. ಎರಡು ಟ್ರಾನ್ಸ್‌ಫಾರ್ಮರಿನ ಭಾರವನ್ನೂ ಒಂದೇ ಫೇಸಿನ ಮೇಲೆ ಹೇರುವುದು ಅನ್ಯಾಯವಲ್ಲವೇ? ಪ್ಲಸ್ಸಿನ ಪ್ಲಗ್ಗನ್ನು ಒಂದು ಫೇಸಿಗೆ ಸಿಕ್ಕಿಸಿ, ಮೈನಸ್ಸಿನದಕ್ಕೆ ಉದ್ದನೆ ವೈರೆಳೆದು ಅಡುಗೆಮನೆಯ ಇನ್ನೊಂದು ಫೇಸಿಗೆ ಸಿಕ್ಕಿಸಿದೆ. ಮೀಟರ್ ಹಿಡಿದು ನೋಡಿದರೆ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಆನಂದಬಾಷ್ಪವೇ ಬಂತು.

ಮಹಾಲಿಂಗಯ್ಯನವರು ಎದ್ದು ನನ್ನ ಮೈಕಿನ ಮುಂದೆ ನಿಂತರು. "ಎರಡೇ ಮಾತು" ಎಂದರು. ಶಿವರುದ್ರಮ್ಮ ಹಾರ್ಮೋನಿಯಂ ಮೇಲೆ ಕೈಯಿಟ್ಟು ನೆಲ ನೋಡುತ್ತ ಕೂತಳು. ಆ ಹೊತ್ತಿಗೆ ಸರಿಯಾಗಿ ಸುತ್ತಲಿನ ತೋಟಗಳ ಪಂಪ್‌ಸೆಟ್‌ಗಳೆಲ್ಲ ಚಾಲೂ ಆದವು. ಅವೆಲ್ಲ ಜೋತುಬಿದ್ದಿದ್ದ ಅಡುಗೆಮನೆಯ ಫೇಸು ದಬಕ್ಕನೆ ಕುಸಿಯಿತು, ಮೈನಸ್ಸು ಮಲಗಿತು, ಪ್ಲಸ್ಸು ಎದ್ದು ಕುಣಿಯಿತು. ಢಂ ಎಂದು ಸದ್ದಾಗಿ ಸ್ಪೀಕರಿನಿಂದ ಹೊಗೆ ಬಂತು. ಮೈಕಿಲ್ಲದ ಕಡೆ ಮಾತಾಡಿ ಅಭ್ಯಾಸವಿಲ್ಲವೆಂದು ಮಹಾಲಿಂಗಯ್ಯನವರು ಶಲ್ಯ ಕೊಡವಿ ಕೂತುಬಿಟ್ಟರು.

ನಾನು ಕಂಬದ ಮರೆಗೆ ಸರಿದೆ. ಆದರೆ ಇವಳು ಸುಮ್ಮನೆ ಹಾರ್ಮೋನಿಯಂ ತೆರೆದು, ಮೈಕಿಲ್ಲದೆ ಹಾಡಿದಳು. ಒಂದಾದ ಮೇಲೊಂದು ಹಾಡಿಸಿದರು. ಮಕ್ಕಳೂ ಗಲಾಟೆ ಮಾಡಲಿಲ್ಲ. ಸಮಾಜದ ಅಧ್ಯಕ್ಷೆ ಕೊಲ್ಲಾಪುರಮ್ಮ ಕಣ್ಣೊರೆಸಿಕೊಂಡು ನೇರ ನನ್ನ ಬಳಿಗೇ ಬಂದರು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ.

"ಮೇಷ್ಟ್ರೇ, ಎಂಥಾ ತಲೆ ಕಣಪ್ಪ ನಿಮ್ದು," ಎಂದರು. "ಮುಂದಿನ ತಿಂಗ್ಳು ಶಿರಾ ಸಮಾಜದಾಗೂ ಆವಯ್ಯನೇ ಅತಿಥಿ, ಹಾಡೋದೂ ನಮ್ ಶಿವರುದ್ರಮ್ಮನೇ. ಇದೇ ಡಬ್ಬ ತನ್ನಿ. ರಿಪೇರಿ ಗಿಪೇರಿ ಮಾಡ್ಬುಟ್ಟೀರಾ, ಹುಷಾರು."

ಬಸ್ಸಿನಲ್ಲಿ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಮದುವೆಯಾದಾಗಿನಿಂದ ಬಸ್ಸಿನಲ್ಲಿ ಹಾಗೆ ಹಿಡಿದವಳಲ್ಲ. "ನಂಗೋಸ್ಕರ ಬೇಕಂತ್ಲೇ ಸುಟ್ರಲ್ಲ," ಎಂದಳು. ಪಂಪ್‌ಸೆಟ್ಟಿನ ಸಂಗತಿ ಬಾಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೌದೆಂದೆ.

ಆದರೆ ಸ್ವಾಮಿ, ಸುಟ್ಟ ಆಂಪ್ಲಿಫೈಯರ್ ಮನೆಯಲ್ಲಿದ್ದರೆ ವಿಜ್ಞಾನದ ಮೇಷ್ಟ್ರಿಗೆ ನಿದ್ದೆ ಹೇಗೆ ಬಂದೀತು? ಹೆಂಡತಿ ಸಂತೆಗೆ ಹೋದಾಗಲೆಲ್ಲ ಕದ್ದು ರಿಪೇರಿ ಮಾಡಿದೆ. ಈ ಸಲ ಎರಡಕ್ಕೂ ಒಂದೇ ಪ್ಲಗ್ಗು. ಮಹಾಲಿಂಗಯ್ಯನವರು ಬಾಯಿ ತೆಗೆದ ಕೂಡಲೇ ನಾನೇ ಪ್ಲಗ್ ಕಿತ್ತರಾಯಿತು, ಯಾರಿಗೆ ತಿಳಿಯುತ್ತದೆ?

ಶಿರಾದಲ್ಲಿ ಅವರು "ಎರಡೇ ಮಾತು" ಎಂದರು. ನಾನು ಪ್ಲಗ್ಗಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವರೇ ತಮ್ಮ ದನಿಗೆ ಬೆರಗಾಗಿ ನಿಂತರು. ತಮ್ಮ ಮಾತು ಇಷ್ಟು ಸ್ವಚ್ಛವಾಗಿ ತಮಗೇ ಕೇಳಿಸಿದ್ದು ಜನ್ಮದಲ್ಲಿ ಇದೇ ಮೊದಲಂತೆ. ಈ ಯಂತ್ರದ ಶಿಲ್ಪಿ ಯಾರು, ವೇದಿಕೆಗೆ ಬರಲಿ ಎಂದರು. ನನಗೊಂದು ಹಾರ, ಪಕ್ಕದಲ್ಲೇ ಕುರ್ಚಿ. ನನ್ನನ್ನು ಜಕಣಾಚಾರಿಗೆ ಹೋಲಿಸಿದರು. ಪ್ಲಗ್ಗು ಕಾಲಳತೆಯಲ್ಲೇ ಇತ್ತು, ನಿಜ. ಆದರೆ ಹೊಗಳಿಕೆಯ ನಡುವೆ ಎದ್ದು ಪ್ಲಗ್ ಕೀಳುವುದು ಸಭ್ಯತೆಯೇ, ನೀವೇ ಹೇಳಿ. ಇನ್ನೊಂದು ವಾಕ್ಯ ಆಗಲಿ, ಇನ್ನೊಂದು ವಾಕ್ಯ ಆಗಲಿ ಎನ್ನುತ್ತ ಕೂತೆ. ಮೂರು ಗಂಟೆ ಕಳೆಯಿತು.

ಮುಂದಿನ ಸಾಲಿನಿಂದ ಶಿವರುದ್ರಮ್ಮ ಎದ್ದಳು. ಹಾರ್ಮೋನಿಯಂ ಕಂಕುಳಲ್ಲಿಟ್ಟುಕೊಂಡು ವೇದಿಕೆ ಹತ್ತಿ ಬಂದು, ನನ್ನ ಕಿವಿಗೆ ಬಗ್ಗಿ ಮೆತ್ತಗೆ ಹೇಳಿದಳು. ಮೈಕು ಪಕ್ಕದಲ್ಲೇ ಇತ್ತು.

"ನೀವು ಮನೇಗೆ ಬರೋದೇನೂ ಬ್ಯಾಡ. ಈ ಡಬ್ಬ ಎಲ್ಲಿ ಮನೀಕತ್ತದೋ ನೀವೂ ಅಲ್ಲೇ ಮನೀಕಳಿ."

ನನ್ನ ಯಂತ್ರ ಗುರ್ರೆನ್ನಲಿಲ್ಲ, ಒಂದಕ್ಷರವೂ ಒಡೆಯಲಿಲ್ಲ. ಕಟ್ಟಕಡೆಯ ಸಾಲಿನವರೂ ಸ್ಪಷ್ಟವಾಗಿ ಕೇಳಿಸಿಕೊಂಡು ಚಪ್ಪಾಳೆ ತಟ್ಟಿದರು.