ನನಗಿದ್ದ ಒಬ್ಬರೇ ಶ್ರೋತೃ

ತನ್ನ ಧ್ವನಿ ಚೆನ್ನಾಗಿದೆ ಎಂದು ಗುಟ್ಟಾಗಿ ನಂಬಿಕೊಳ್ಳದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಹೊರಗೆ ಒಪ್ಪಿಕೊಳ್ಳುವುದಿಲ್ಲ, ಅಷ್ಟೆ. ನಾನಂತೂ ಚಿಕ್ಕಂದಿನಿಂದ ಬಚ್ಚಲುಮನೆಯಲ್ಲಿ ಖಾಲಿ ಕೊಡದೊಳಗೆ ಮುಖ ತೂರಿಸಿ ವಾರ್ತೆ ಓದಿದವನು. ಕೊಡದೊಳಗೆ ನನ್ನ ಧ್ವನಿ ಎಷ್ಟು ಗಂಭೀರ ಅಂತೀರಿ! ಹೊರಗೆ ಬಂದ ತಕ್ಷಣ ಅದೇಕೋ ಕೀರಲಾಗುತ್ತಿತ್ತು. ತಪ್ಪು ಗಾಳಿಯದೇ ಇರಬೇಕು ಎಂದುಕೊಂಡಿದ್ದೆ.

ಭದ್ರಾವತಿಯಲ್ಲಿ ರೇಡಿಯೋ ಸ್ಟೇಷನ್ ಶುರುವಾಗುತ್ತದೆ ಎಂದು ಕೇಳಿದ ದಿನವೇ ಶಿವಮೊಗ್ಗದಿಂದ ಬಸ್ಸು ಹತ್ತಿದೆ. ಇಂಜಿನಿಯರ್ ಸಾಹೇಬರು ಒಂದು ಕಾಗದ ಕೊಟ್ಟು ಓದಿಸಿದರು. ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಚನ್ನೇಶ, ರೇಡಿಯೋ ರಿಪೇರಿ ನೀನೇ ಕಲ್ತಿದೀಯ ಅಂದ್ಯಲ್ಲ, ಸೋಲ್ಡರಿಂಗ್ ಬರುತ್ತಾ?" ಎಂದರು. ಹೀಗೆ ನಾನು ದಿನಗೂಲಿಯ ಮೇಲೆ ರೇಡಿಯೋಗೆ ಸೇರಿದೆ. ಅಮ್ಮ ಮಾತ್ರ ಬೀದಿಗೆಲ್ಲ "ಮಗ ರೇಡಿಯೋದಲ್ಲಿದ್ದಾನೆ" ಎಂದು ಹೇಳಿಬಿಟ್ಟಳು. ಹೇಳಿದ್ದು ಸುಳ್ಳೇನಲ್ಲ. ಆದರೆ ಅಂದಿನಿಂದ ದಿನಾ ಸಂಜೆ ಪಕ್ಕದ ಮನೆಯವರ ರೇಡಿಯೋ ಮುಂದೆ ಕೂತು ನನಗಾಗಿ ಕಾಯತೊಡಗಿದಳು. ಮನೆಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಯಾವತ್ತು ಬರ್ತೀಯೋ?"

ನನ್ನ ಮೊದಲ ದೊಡ್ಡ ಕೆಲಸ ಉದ್ಘೋಷಕರಿಗೆ ಹೆಡ್‌ಫೋನ್ ಕೂರಿಸುವುದು. ಮದುವೆಮನೆಯಲ್ಲಿ ಮೈಕನ್ನು ಹಾರ್ನಿನ ಎದುರು ಹಿಡಿದರೆ ಕುಯ್ಯೋ ಎಂದು ಕೂಗುತ್ತದಲ್ಲ, ಸ್ಟುಡಿಯೋದಲ್ಲೂ ಅದೇ ಕಥೆ. ಆದ್ದರಿಂದ ಮೈಕ್ ತೆರೆದ ಕೂಡಲೇ ಒಳಗಿನ ಸ್ಪೀಕರ್ ಬಾಯಿ ಮುಚ್ಚಬೇಕು. ಆಗ ಮಾತಾಡುವವರಿಗೆ ಹಾಡು ಮುಗಿಯಿತೋ ಇಲ್ಲವೋ ಗೊತ್ತಾಗುವುದು ಕಿವಿಯ ಮೇಲಿನ ಹೆಡ್‌ಫೋನಿನಿಂದಲೇ. ಸ್ಟುಡಿಯೋದ ಗಾಜುಗೋಡೆಯ ಈಚೆ ಕೂರುವ ನನಗೂ ಒಂದಿದ್ದರೆ ಅನುಕೂಲ ಎಂದು ಸಾಹೇಬರ ಒಪ್ಪಿಗೆ ಪಡೆದು, ಶಿವಮೊಗ್ಗದ ಗಾಂಧಿ ಬಜಾರಿನ ಗುಜರಿ ಬಾಷಾ ಸಾಬರ ಹತ್ತಿರ ಹೋದೆ. ಅವರು ಮೂಟೆಯಿಂದ ಮಿಲಿಟರಿಯ ಹಳೇ ಹೆಡ್‌ಫೋನ್ ಒಂದನ್ನು ಎಳೆದು, "ತಗಳಪ್ಪ, ಬಾಂಬಿನ ಸದ್ದು ಕೇಳಿರೋ ಮಾಲು. ನಿನ್ನ ಹಾಡಿಗೆಲ್ಲ ಹೆದರಲ್ಲ" ಎಂದರು. ಅದನ್ನು ತಂದು ಉದ್ಘೋಷಕಿ ಕಮಲಾಕ್ಷಿ ಮೇಡಂ ಅವರ ಹೆಡ್‌ಫೋನಿನ ತಂತಿಗೇ ಜೋಡಿಸಿಬಿಟ್ಟೆ.

ಆಮೇಲಿನ ದಿನಗಳ ಸುಖವನ್ನು ಏನೆಂದು ಹೇಳಲಿ! ಹೆಡ್‌ಫೋನಿನ ಒಂದು ಬಟ್ಟಲು ಕಿವಿಗೆ, ಇನ್ನೊಂದು ಗದ್ದದ ಕೆಳಗೆ. ಗಾಜಿನ ಆಚೆ ಮೇಡಂ ಹೇಳುವುದನ್ನೆಲ್ಲ ಈಚೆ ನಾನು ಪಿಸುಗುಟ್ಟುತ್ತಿದ್ದೆ. ಅವರ ಕಾಗದದ ಪ್ರತಿ ನನ್ನ ಮುಂದೆಯೂ ಇರುತ್ತಿತ್ತಲ್ಲ, ಬರಬರುತ್ತಾ ಅವರಿಗಿಂತ ಮೊದಲೇ ಹೇಳತೊಡಗಿದೆ. ಮೈಕ್ ತೆರೆದಾಗ ಹತ್ತುವ ಆ ಕೆಂಪು ದೀಪ ನನಗಾಗಿಯೇ ಉರಿಯುತ್ತಿದೆ, ಶಿವಮೊಗ್ಗದಲ್ಲಿ ಅಮ್ಮ ಕತ್ತು ಚಾಚಿ ಕೇಳುತ್ತಿದ್ದಾಳೆ ಎಂದು ಒಂದೊಂದು ಸಲ ನಿಜಕ್ಕೂ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಮೇಡಂ ಹೊರಗೆ ಬಂದರು. "ಚನ್ನೇಶ, ಹೆಡ್‌ಫೋನಲ್ಲಿ ಯಾರೋ ಮಾತಾಡ್ತಾರೆ ಮಾರಾಯ."

"ಬೇರೆ ಸ್ಟೇಷನ್ ಸಿಕ್ಕಿರ್ಬೇಕು ಮೇಡಂ" ಎಂದು ಗತ್ತಿನಿಂದ ಹೇಳಿ, ಮೂರು ದಿನ ಹುಡುಕಿದೆ. ಬೆಸುಗೆ ಬಿಚ್ಚಿದೆ, ಹಾಕಿದೆ. ನೆಲದೊಳಗೆ ಅರ್ತ್ ತಂತಿ ಹೂತೆ. ಸುಮ್ಮನೆ ಕೆಲಸ ಮಾಡುವಾಗ ಸದ್ದೇ ಇಲ್ಲ. ಕಾರ್ಯಕ್ರಮ ಶುರುವಾಗಿ ನಾನು ನನ್ನ ಜಾಗದಲ್ಲಿ ಕೂತರೆ ಮತ್ತೆ ಆ ಭೂತ!

ನಾಲ್ಕನೇ ದಿನ ಮೇಡಂ ಬಾಗಿಲಿಗೆ ಒರಗಿ ನಿಂತರು. "ಇವತ್ತು ಅವನು ಹೆಸರೂ ಹೇಳ್ದ ಕಣೋ."

"ಏನಂತೆ ಹೆಸರು?"

"'ಕಾರ್ಯಕ್ರಮ ನಡೆಸಿಕೊಡುತ್ತಿರುವವರು ಚನ್ನೇಶ' ಅಂತೆ."

ನನ್ನ ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ಹೆಡ್‌ಫೋನಿನ ಬಟ್ಟಲಿನಲ್ಲಿರುವುದು ಅಯಸ್ಕಾಂತ, ತಂತಿಸುರುಳಿ, ತೆಳು ತಗಡು. ಅದರ ಎದುರು ಮಾತಾಡಿದರೆ ಅದೇ ಮೈಕಾಗುತ್ತದೆ. ಇದನ್ನು ನಮ್ಮ ಬೀದಿಯ ಎಲ್ಲರಿಗೂ ಹಿಡಿದು ನಿಲ್ಲಿಸಿ ವಿವರಿಸಿದ್ದವನು ನಾನೇ! ಗದ್ದದ ಕೆಳಗಿನ ಬಟ್ಟಲಿನಿಂದ ನನ್ನ ಪಿಸುಮಾತು ಅದೇ ತಂತಿಯಲ್ಲಿ ಮೇಡಂ ಕಿವಿಗೆ ಹೋಗುತ್ತಿತ್ತು.

ಬೈಗುಳಕ್ಕೆ ತಲೆ ತಗ್ಗಿಸಬೇಕಾದವನು, ಬಾಯಿ ತಡೆಯದೆ ಕೇಳಿಬಿಟ್ಟೆ: "ಹೇಗಿತ್ತು ಮೇಡಂ, ಧ್ವನಿ?"

ಅವರು ನಗಲಿಲ್ಲ. ಅದೇ ಕಷ್ಟವಾದದ್ದು. "ಧ್ವನಿ ಕೀರಲೇ ಕಣೋ. ಆದ್ರೆ ಓದೋವಾಗ ಎಲ್ಲಿ ನಿಲ್ಲಿಸ್ಬೇಕು ಅನ್ನೋದು ನಿಂಗೆ ಚೆನ್ನಾಗಿ ಗೊತ್ತು. ನೆನ್ನೆ ಒಂದು ಕಡೆ ನೀನು ನಿಲ್ಲಿಸಿದ ಹಾಗೇ ನಾನೂ ನಿಲ್ಲಿಸ್ದೆ."

"ಹೌದಾ!"

"ಹೌದು. ಈಗ ಅದನ್ನ ತೆಗಿ. ಇಲ್ದಿದ್ರೆ ಸಾಹೇಬ್ರು ನಮ್ಮಿಬ್ರನ್ನೂ ನಿಲ್ಲಿಸ್ತಾರೆ."

"ಇವತ್ತೊಂದಿನ ಇರ್ಲಾ ಮೇಡಂ? ಸಂಜೆ ರೈತರ ಕಾರ್ಯಕ್ರಮ ಇದೆ."

"ಈಗಲೇ ಚನ್ನೇಶ."

ಇಕ್ಕಳ ತಂದು ನನ್ನ ಪ್ರಸಾರವನ್ನು ನಾನೇ ಕತ್ತರಿಸಿದೆ. ಈಗ ಮೇಡಂ ಹೆಡ್‌ಫೋನಿನಲ್ಲಿ ಹಾಡು ಬಿಟ್ಟರೆ ಅಪ್ಪಟ ನಿಶ್ಶಬ್ದ. ಅವರು ಮೈಕ್ ಮುಂದೆ ಕೂತು, ಒಂದು ಗಳಿಗೆ ಕಿವಿಗೊಟ್ಟು, ಗಾಜಿನಾಚೆಯಿಂದ ಏನೂ ಇಲ್ಲ ಎಂದು ಕೈ ಅಲ್ಲಾಡಿಸುತ್ತಾರೆ. ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ನಾನೂ ತಲೆ ಅಲ್ಲಾಡಿಸುತ್ತೇನೆ.

ಆ ಭಾನುವಾರ ಮನೆಗೆ ಹೋದಾಗ ಅಮ್ಮ ಮಾಮೂಲಿನಂತೆ, "ಯಾವತ್ತು ಬರ್ತೀಯೋ ರೇಡಿಯೋದಲ್ಲಿ?" ಎಂದಳು.

"ಬಂದು ಹೋಗಾಯ್ತಮ್ಮ."

"ಅಯ್ಯೋ! ದಿನಾ ಕೂತ್ಕೊಂಡಿದ್ನಲ್ಲೋ, ನಂಗೆ ಕೇಳಿಸ್ಲೇ ಇಲ್ಲ!" ಎಂದು ಪೇಚಾಡಿದಳು. "ಪಕ್ಕದ ಮನೆ ರೇಡಿಯೋದಲ್ಲೇ ಏನೋ ತೊಂದ್ರೆ ಇರ್ಬೇಕು. ನಿಂಗೆ ಗೊತ್ತಲ್ಲ, ಒಂಚೂರು ನೋಡ್ಕೊಟ್ಟು ಬಾ."

ಸ್ಕ್ರೂಡ್ರೈವರ್ ಹುಡುಕಿಕೊಂಡು ಹೊರಟೆ.